ಮುದ್ದೆ ಹೋಟೆಲಿನ ಅಡುಗೆಕಟ್ಟೆ

ನಾನು ಆ ಅಡುಗೆಮನೆಗೆ ಕಾಲಿಟ್ಟ ಹೊತ್ತಿಗೆ ಮಚ್ಚೊಂದು ಗಾಳಿಯಲ್ಲಿತ್ತು. ಹೆದರಬೇಕಾದ್ದೇನೂ ಇರಲಿಲ್ಲ. ಅದು ಮಾಂಸ ಕಡಿಯುವ ಮಚ್ಚು, ಕೊರಡಿನ ಮೇಲಿದ್ದ ತೊಡೆಮೂಳೆಗೆ ಬೀಳಬೇಕಿತ್ತು. ಬಿತ್ತು. ಮೂಳೆ ಎರಡು ಹೋಳಾಯಿತು. ಕೊರಡು ಕೂತಿದ್ದ ಕಲ್ಲಿನ ಕಟ್ಟೆ ನಡುಗಿ, ಆ ತುದಿಯಲ್ಲಿ ಮಗುಚಿಟ್ಟಿದ್ದ ಸ್ಟೀಲ್ ಲೋಟಗಳು ಝಣ್ ಎಂದವು. ನಾನು ಕಡಿಯುತ್ತಿದ್ದವನನ್ನು ಬಿಟ್ಟು ಲೋಟಗಳನ್ನೇ ನೋಡುತ್ತ ನಿಂತೆ. ಕಲ್ಲು ಎಷ್ಟೋ ಸಲ ಪೆಟ್ಟು ಬಿದ್ದ ಕಡೆ ಒಡೆಯುವುದಿಲ್ಲ, ಪೆಟ್ಟು ಓಡಿಹೋಗಿ ಸಿಕ್ಕಿಬೀಳುವ ಕಡೆ ಒಡೆಯುತ್ತದೆ. ಅಡುಗೆಮನೆಗಳಿಗೆ ಕಟ್ಟೆ ಕಟ್ಟಿಸುವ ನನಗೆ ಆ ಬಿರುಕು ಎಲ್ಲಿದೆ ಎಂದು ಹುಡುಕುವುದು ಮೊದಲ ಕೆಲಸ.

ಹಿನಕಲ್ಲಿನ ಹಳೇ ಊರೊಳಗೆ ಇರುವ ಮಿಲಿಟ್ರಿ ಹೋಟೆಲು ಅದು. ಮಧ್ಯಾಹ್ನ ಮಾತ್ರ ಊಟ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಅಕ್ಕ ತಮ್ಮ ಸೇರಿ ನಡೆಸುತ್ತಿದ್ದರು. ತೀರಿಕೊಂಡ ಅಪ್ಪನ ಹೋಟೆಲು, ಅಪ್ಪ ಮಾಡಿಟ್ಟ ವ್ಯವಸ್ಥೆ: ಮಾಂಸ ತಮ್ಮನದು, ಒಲೆ ಅಕ್ಕನದು. ಅಕ್ಕನಿಗೆ ಐವತ್ತರ ಆಸುಪಾಸು. ಗಂಡನ ಮನೆ ಬಿಟ್ಟು ತವರಿಗೆ ಬಂದು ಎಷ್ಟೋ ಕಾಲವಾಗಿತ್ತು. ದೊಡ್ಡ ತಪ್ಪಲೆಯಲ್ಲಿ ಹಿಟ್ಟು ತಿರುವಿ ತಿರುವಿ ಅವರ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ನನ್ನನ್ನು ಕರೆಸಿದವರು ಅವರೇ.

“ನೋಡಮ್ಮ, ಮತ್ತೆ ಒಡ್ದೋಯ್ತು,” ಎಂದು ಕಟ್ಟೆಯ ಮೇಲಿದ್ದ ಗೋಣಿಚೀಲ ಸರಿಸಿದರು. ಕಪ್ಪು ಕಡಪ ಕಲ್ಲು. ಪಾತ್ರೆ ತೊಳೆಯುವ ತೊಟ್ಟಿಗಾಗಿ ಕೊಯ್ದ ತೂತಿನ ಚೌಕ ಮೂಲೆಯಿಂದ ಹೊರಟ ಬಿರುಕು ನೇರ ಕೊರಡಿನ ಬುಡಕ್ಕೆ ಹೋಗಿ ನಿಂತಿತ್ತು. ಬೆರಳಿಟ್ಟರೆ ಕಲ್ಲು ಪದರ ಪದರವಾಗಿ ಎದ್ದು ಬರುತ್ತಿತ್ತು. ಅದರ ಸಂದಿಯಲ್ಲಿ ಹಳೆಯ ರಕ್ತ, ಅರಿಶಿನ, ರಾಗಿ ಎಲ್ಲ ಒಣಗಿ ಕೂತಿದ್ದವು.

ಅವರ ತಮ್ಮ ಮಚ್ಚನ್ನು ಕೊರಡಿಗೆ ಕಚ್ಚಿಸಿ ನನ್ನ ಕಡೆ ತಿರುಗಿದ. “ಮೇಡಂ, ಸುಮ್ನೆ ಯಾಕೆ ಅಳತೆ ತಗೊತೀರ? ಸ್ಟೀಲ್ ಟೇಬಲ್ ಇಕ್ಸಿ, ಮುದ್ದೆ ಮಿಷಿನ್ ತಂದ್ಬುಟ್ರೆ ಮುಗೀತು. ಅಕ್ಕ ಗಲ್ಲಾದಲ್ಲಿ ಕೂತ್ಕಳ್ಲಿ.”

“ಗಲ್ಲಾದಲ್ಲಿ ಗೊಂಬೆ ಕೂರ್ಸ್ಕ. ನಾನು ಒಲೆ ಬುಡಕ್ಕಿಲ್ಲ,” ಎಂದರು ಅಕ್ಕ.

“ಕಲ್ಲು ಒಡೆದಾಗೆಲ್ಲ ಹೋಟ್ಲು ಮುಚ್ಬೇಕಾ? ಗಿರಾಕಿ ಎಲ್ಲೋಯ್ತಾರೆ ಗೊತ್ತಾ?”

“ಕಲ್ಲು ಒಡೆಯೋನು ಯಾರ್ಲಾ?”

ಅವನು ಕಾಲಡಿ ಇದ್ದ ಅಲ್ಯುಮಿನಿಯಂ ಬೋಸಿಯನ್ನು ಒದ್ದ. ಅದು ಗೋಡೆಗೆ ಬಡಿದು, ನನ್ನ ಮೊಣಕಾಲಿಗೆ ತಾಗಿ, ಬಾಗಿಲಾಚೆ ಹೋಯಿತು. ಅಕ್ಕ ಕಣ್ಣು ಮಿಟುಕಿಸಲಿಲ್ಲ. ಅವರಿಗೆ ಅದು ಮಾಮೂಲು ಎಂದು ಆಗಲೇ ಗೊತ್ತಾಯಿತು. ನನಗೆ ಮಾಮೂಲಲ್ಲ. “ಇನ್ನೊಂದ್ಸಲ ನನ್ನ ಕಡೆ ಏನಾದ್ರೂ ಹಾರಿ ಬಂದ್ರೆ ಅದೇ ವಾಪಸ್ ಬರತ್ತೆ,” ಎಂದೆ. ಅವನು ನಕ್ಕ.

ನಕ್ಕವನೇ ಪಂಥ ಕಟ್ಟಿದ. “ಆಯ್ತು, ಇದೇ ಕೊನೇ ಸಲ. ಈಗ ಕಟ್ಟೋ ಕಟ್ಟೆ ನಿಂತ್ರೆ ಒಲೆ ನಿಂದು ಕಣಕ್ಕ, ನಾನು ಬಾಯಿ ತೆಗೆಯಕ್ಕಿಲ್ಲ. ಒಡೆದ್ರೆ ಒಲೆ ಬುಟ್ಟು ಎದ್ದೋಗ್ಬೇಕು. ಮೇಡಮ್ಮೋರೇ ಸಾಕ್ಷಿ.”

“ಆಯ್ತು ಕಣ್ಲಾ,” ಎಂದರು ಅಕ್ಕ, ಸಾರಿಗೆ ಉಪ್ಪು ಹಾಕುವಷ್ಟೇ ಸಲೀಸಾಗಿ.

ನನಗೆ ಮೈ ಉರಿಯಿತು. ಒಡೆಯುವವನೂ ಅವನೇ, ತೀರ್ಪು ಹೇಳುವವನೂ ಅವನೇ. ಅವನು ಕೈ ತೊಳೆಯಲು ಹೋದಾಗ, ಇಂಥ ಮಾತಿಗೆ ಯಾಕೆ ಒಪ್ಪಿದಿರಿ ಎಂದು ಕೇಳಿದೆ. “ಗಂಡನ ಮನೆ ಬುಟ್ಟು ಬಂದಾಗ ನಂಗೆ ಅಂತ ಇದ್ದಿದ್ದು ಈ ಒಲೆ ಒಂದೇ ಕಣಮ್ಮ. ಜನ ನನ್ನ ಮುದ್ದೆ ತಿನ್ನಕ್ಕೆ ಬತ್ತಾರೆ. ಗಲ್ಲಾದಲ್ಲಿ ಕೂತ್ರೆ ನಾನು ಇವನ ಹಂಗಿನೋಳು. ನೀನು ಗಟ್ಟಿ ಕಲ್ಲು ನೋಡು, ಮಿಕ್ಕಿದ್ದು ನಾನು ನೋಡ್ಕತೀನಿ,” ಎಂದರು. ಒಂದು ಕಟ್ಟೆಯ ಮೇಲೆ ತಮ್ಮ ಇಡೀ ಬದುಕನ್ನೇ ಇಟ್ಟು ನನಗೆ ಕೆಲಸ ಕೊಟ್ಟವರು ಅವರೊಬ್ಬರೇ.

ಸ್ಟೀಲು ಕೆಟ್ಟದ್ದು ಎಂದು ನಾನು ಎಂದೂ ಹೇಳುವುದಿಲ್ಲ. ಎಷ್ಟೋ ಹೋಟೆಲುಗಳಿಗೆ ನಾನೇ ಹಾಕಿಸಿದ್ದೇನೆ. ಆದರೆ ಬಿಸಿ ಹಿಟ್ಟನ್ನು ನೀರು ಸವರಿದ ಕಟ್ಟೆಯ ಮೇಲೆ ಸುರಿದು, ಅಂಗೈಯಲ್ಲಿ ಉರುಳಿಸಿ ಮುದ್ದೆ ಕಟ್ಟುವವರಿಗೆ ಕಟ್ಟೆ ಮಿಸುಕಬಾರದು, ಸದ್ದು ಮಾಡಬಾರದು, ಮೊಣಕೈ ಸುಡಬಾರದು. ಅದಕ್ಕೆ ಕಲ್ಲೇ ಸರಿ. ಯಾವ ಕಲ್ಲು ಎನ್ನುವುದೇ ಪ್ರಶ್ನೆ. ಆರೈಕೆ ಕೇಳುವ ಕಲ್ಲು ಬೇಡ. ಊಟದ ಹೊತ್ತಿನಲ್ಲಿ ಅಲ್ಲಿ ಯಾರಿಗೂ ಕಲ್ಲಿಗೆ ಎಣ್ಣೆ ಸವರಿ ಮುದ್ದು ಮಾಡುವ ಪುರುಸೊತ್ತಿಲ್ಲ.

ಹೆಬ್ಬಾಳದ ಕಡೆಯ ಒಂದು ಕಲ್ಲಿನ ಮಂಡಿಯಿಂದ ತುಂಡುಗಳನ್ನು ಆಟೋದಲ್ಲಿ ಹೇರಿಕೊಂಡು ಬಂದೆ. ಹೋಟೆಲಿನ ಹಿತ್ತಲಲ್ಲಿ ಸಾಲಾಗಿ ಜೋಡಿಸಿ, ಒಂದೊಂದರ ಮೇಲೂ ನಿಂಬೆಹೋಳು, ಹುಣಸೆರಸ, ಅರಿಶಿನ ಕಲಸಿದ ಎಣ್ಣೆ ಬಿಟ್ಟೆವು. ಮಾರನೆಯ ದಿನ ತೊಳೆದಾಗ ಬಿಳಿ ಅಮೃತಶಿಲೆಯ ಹೊಳಪನ್ನು ನಿಂಬೆ ತಿಂದುಹಾಕಿತ್ತು. ಬೂದು ಗ್ರಾನೈಟು ಎಣ್ಣೆ ಕುಡಿದು ಕಲೆಯಾಗಿತ್ತು. ಕಲ್ಲುಪುಡಿಗೆ ಅಂಟು ಬೆರೆಸಿ ಕಾರ್ಖಾನೆಯಲ್ಲಿ ಮಾಡುವ ಕ್ವಾರ್ಟ್ಜ್ ಹಲಗೆಗೆ ಏನೂ ಆಗಿರಲಿಲ್ಲ. ನನಗೆ ಅದೇ ಇಷ್ಟವಾಯಿತು, ಮನೆ ಅಡುಗೆಗೆ ಅದರಷ್ಟು ಸುಖದ ಕಟ್ಟೆ ಇಲ್ಲ.

“ಒಲೆ ಮೇಲಿಂದ ಇಳ್ಸಿ ಇಕ್ಕಾನ ತಡಿ,” ಎಂದು ಅಕ್ಕ ಕುದಿಯುವ ಹಿಟ್ಟಿನ ತಪ್ಪಲೆಯನ್ನೇ ತಂದು ಅದರ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಎತ್ತಿ ನೋಡಿದರೆ ಹಳದಿ ಉಂಗುರ. ತಣ್ಣೀರು ಚೆಲ್ಲಿದರು, ಪಟ್ ಎಂದು ಸೀಳಿತು. ಅವರಿಗೆ ಹುರುಪು ಬಂತು. ಒರಳಿನ ಗುಂಡುಕಲ್ಲನ್ನು ಎದೆಯೆತ್ತರಕ್ಕೆ ಎತ್ತಿ ಒಂದೊಂದರ ಮೇಲೂ ಬಿಟ್ಟರು. ಅಮೃತಶಿಲೆ ಮೂರು ಚೂರಾಯಿತು. ಜೊತೆಗೆ ತಂದಿದ್ದ ಟೈಲ್ಸಿನ ತುಂಡು ಪುಡಿಯಾಗಿ ಅದರ ಚೂರು ನನ್ನ ಕೆನ್ನೆಗೆ ಸಿಡಿದು ರಕ್ತ ಬಂತು. ಹಳೇ ಕಡಪದ ತುಂಡಿಗೆ ಅವರು ಗುಂಡುಕಲ್ಲನ್ನು ಎರಡು ಸಲ ಬಿಟ್ಟರು, ಮೊದಲನೆಯದಕ್ಕೇ ಅದು ಸತ್ತಿದ್ದರೂ. ಆ ಹೆಂಗಸಿನೊಳಗೆ ಎಷ್ಟು ಸಿಟ್ಟು ಸೇರಿದೆ ಎಂದು ನನಗೆ ತಿಳಿದದ್ದು ಆಗ. ನಾನೂ ಒಂದು ಬಿಟ್ಟೆ. ಸುಳ್ಳು ಯಾಕೆ, ಬಲು ಹಿತವಾಯಿತು.

ಉಳಿದದ್ದು ಚಾಮರಾಜನಗರದ ಕಡೆಯ ಕರಿ ಗ್ರಾನೈಟು. ಅದಕ್ಕೆ ಕಲೆ ಇಲ್ಲ, ಸೀಳಿಲ್ಲ, ಗುಂಡುಕಲ್ಲು ಬಿದ್ದ ಕಡೆ ಒಂದು ಬಿಳಿ ಚುಕ್ಕೆ ಅಷ್ಟೇ. ಮಂಡಿಯವನು ಇಡೀ ಹಲಗೆ ತೋರಿಸುವಾಗ ನಾನು ಬಟ್ಟೆಗೆ ಬಣ್ಣ ಕರಗಿಸುವ ಥಿನ್ನರ್ ಹಾಕಿ ಉಜ್ಜಿದೆ. ಬಟ್ಟೆ ಕಪ್ಪಾಯಿತು. ಬೂದು ಕಲ್ಲಿಗೆ ಬಣ್ಣ ಕುಡಿಸಿ ಕರಿಕಲ್ಲೆಂದು ಮಾರುವ ಆಟ ಹಳೆಯದು. ತುಂಡು ಕೊಡುವಾಗ ಅಸಲಿ, ಹಲಗೆ ಕೊಡುವಾಗ ನಕಲಿ. ಅವನ ಮಂಡಿಯಲ್ಲಿ, ಅವನ ಗಿರಾಕಿಗಳ ಮುಂದೆಯೇ ಬಾಯಿಗೆ ಬಂದದ್ದು ಬೈದೆ. ಹಿಂದಿನ ಸಾಲಿನಿಂದ ಅಸಲಿ ಹಲಗೆ ಹೊರಗೆ ಬಂತು, ಮಾಮೂಲಿಗಿಂತ ದಪ್ಪದ್ದೇ.

ಆಮೇಲೂ ಒಂದು ಪೆಟ್ಟು ತಿಂದೆವು. ಹಿಟ್ಟು ಬೆಂದ ಮೇಲೆ ತಪ್ಪಲೆಯನ್ನು ಇಳಿಸಿ ಮೊಣಕಾಲೆತ್ತರದ ಗಿಡ್ಡ ಕಟ್ಟೆಯ ಮೇಲಿಟ್ಟು, ಕವೆಗೋಲಿನಿಂದ ಅದುಮಿ ಹಿಡಿದು, ಉದ್ದನೆಯ ಕೋಲಿನಲ್ಲಿ ಗಂಟಿಲ್ಲದಂತೆ ತಿರುವಬೇಕು. ಮೈಯ ಬಲವೆಲ್ಲ ಅದಕ್ಕೆ ಹೋಗುತ್ತದೆ. ಕನ್ನಡಿಯಂತೆ ಹೊಳೆಯುವ ಕರಿಕಲ್ಲಿನ ತುಂಡಿನ ಮೇಲೆ ಅಕ್ಕ ಹಾಗೆ ತಿರುವಿ ನೋಡಿದಾಗ ತಪ್ಪಲೆಯೇ ತಿರುಗಿ ಜಾರಿತು. ಬಿಸಿ ಹಿಟ್ಟು ನನ್ನ ಪಾದಕ್ಕೆ ಮೆತ್ತಿಕೊಂಡಿತು. ಕುದಿಯುವ ನೀರಾದರೂ ಹರಿದುಹೋಗುತ್ತದೆ, ಹಿಟ್ಟು ಕಚ್ಚಿಕೊಂಡೇ ಸುಡುತ್ತದೆ. ಚರ್ಮ ಕಿತ್ತು ಬಂತು. ಕುಂಟುತ್ತಲೇ ತೀರ್ಮಾನ ಮಾಡಿದೆ: ಮುದ್ದೆ ಕಟ್ಟುವ ಎತ್ತರದ ಕಟ್ಟೆಗೆ ಪಾಲಿಶ್ ಇರಲಿ, ತಪ್ಪಲೆ ಇಡುವ ಗಿಡ್ಡ ಕಟ್ಟೆಗೆ ಅದೇ ಕಲ್ಲಿನ ಒರಟು ಮುಖ.

ಆದರೆ ಕಲ್ಲು ಯಾವುದಾದರೂ ಕೊರಡು ಅದರ ಮೇಲಿದ್ದರೆ ಒಂದಲ್ಲ ಒಂದು ದಿನ ಒಡೆಯುತ್ತದೆ. ಮಚ್ಚಿನ ಪೆಟ್ಟು ಕೊರಡಿನಿಂದ ಕಟ್ಟೆಗೆ, ಕಟ್ಟೆಯಿಂದ ತೊಟ್ಟಿಯ ಮೂಲೆಗೆ ಹೋಗುತ್ತಲೇ ಇರುತ್ತದೆ. ಅದಕ್ಕೆ ಮೂರು ಕೆಲಸ ಮಾಡಿಸಿದೆ. ಕಲ್ಲಿನ ಕೆಳಗೆ ಎಲ್ಲೂ ಟೊಳ್ಳಿಲ್ಲದಂತೆ ಕಾಂಕ್ರೀಟು ಹಾಸಿ, ಅದರ ಮೇಲೆ ಗಾರೆ ತುಂಬಿ ಕೂರಿಸುವುದು. ತೂತಿನ ಮೂಲೆಗಳನ್ನು ಚೌಕ ಬಿಡದೆ ದುಂಡಗೆ ಕೊರೆಯುವುದು. ಮೂರನೆಯದೇ ಮುಖ್ಯ: ಕೊರಡಿಗೆ ನೆಲದಿಂದಲೇ ಬೇರೆ ಅಡಿಪಾಯ ಹಾಕಿ, ಬೇರೆ ಕಟ್ಟೆ ಕಟ್ಟಿ, ಎರಡರ ನಡುವೆ ಸಂದು ಬಿಡುವುದು. ಕಿರಿದಾದ ಸಂದಾದರೆ ಮಾಂಸದ ಚೂರು ಸೇರಿ ಜಿರಳೆ ಆಗುತ್ತವೆ, ಅದಕ್ಕೇ ಕೈಯೂ ಪೊರಕೆಯೂ ಆಡುವಷ್ಟು ಅಗಲ, ಕೆಳಗೆ ನೀರು ಹರಿದುಹೋಗಲು ಇಳಿಜಾರು. ನನ್ನ ಮೇಸ್ತ್ರಿ, ನನ್ನ ಜೊತೆ ಎಷ್ಟೋ ಕಟ್ಟೆ ಕಟ್ಟಿದ ನಿಧಾನದ ಮನುಷ್ಯ, ಇಟ್ಟಿಗೆ ಇಡುತ್ತ ಒಮ್ಮೆ, “ಮೇಡಂ, ಮನೆಯವ್ರನ್ನ ಒಂದು ಮಾತು ಕೇಳಿದ್ರಾ?” ಎಂದ. ಕೇಳುವುದೇನಿದೆ, ಪೆಟ್ಟು ದಾಟಬಾರದು ಅಷ್ಟೇ ಎಂದೆ.

ನಮ್ಮ ಮನೆಯಲ್ಲಿ ಪಾಲು ಮಾಡಿಕೊಳ್ಳಲು ಎಂದೂ ಏನೂ ಇರಲಿಲ್ಲ. ಹಾಗಾಗಿ ಮೇಸ್ತ್ರಿ ಏನು ಕೇಳುತ್ತಿದ್ದಾನೆಂದು ನನಗೆ ಹೊಳೆಯಲಿಲ್ಲ. ಹೊಲ ಮನೆ ಇದ್ದ ಕುಟುಂಬಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಮೊದಲು ಆಗುವ ಕೆಲಸವೇ ಇದು: ಒಂದೇ ಅಡುಗೆಮನೆಯಲ್ಲಿ ನಡುವೆ ಸಂದು ಬಿಟ್ಟು ಇನ್ನೊಂದು ಕಟ್ಟೆ ಎಬ್ಬಿಸುವುದು. ಆಮೇಲೆ ಒಲೆ ಎರಡು, ಆಮೇಲೆ ಬಾಗಿಲು ಎರಡು, ಆಮೇಲೆ ಕೋರ್ಟು. ಕಟ್ಟೆ ಎರಡಾಯಿತು ಎಂದರೆ ಊರಿಗೆ ಬೇರೆ ಏನೂ ಹೇಳಬೇಕಾಗಿಲ್ಲ.

ಕಾಂಕ್ರೀಟಿಗೆ ಕಟ್ಟಿದ್ದ ಮರದ ಹಲಗೆ ಬಿಚ್ಚಿದ ಬೆಳಿಗ್ಗೆ ತಮ್ಮ ಬಂದು ನೋಡಿದ. ಮೊದಲು ಸಂದಿಗೆ ಕೈ ಹಾಕಿ ಆಳ ನೋಡಿದ. ಆಮೇಲೆ ಅಕ್ಕನ ಕಡೆ ತಿರುಗಿದ. “ಪಾಲು ಮಾಡ್ಸಿದ್ಯಾ? ನಂಗೊಂದು ಮಾತೇಳ್ದೆ ಪಾಲು ಮಾಡ್ಸಿದ್ಯಾ?”

“ಅಯ್ಯೋ ನಾನ್ಯಾಕ್ಲಾ ಮಾಡ್ಸಲಿ? ನಂಗೇ ಗೊತ್ತಿಲ್ಲ...”

“ಊರೋರು ನೋಡ್ತಾರಲ್ಲ! ಅಪ್ಪನ ಹೋಟ್ಲಲ್ಲಿ ಎರಡು ಕಟ್ಟೆ! ಕೊರಡು ಆಚೆ, ಒಲೆ ಈಚೆ! ನಾಳೆ ಗೋಡೆ ಎಬ್ಬಿಸ್ತೀಯ!” ಎಂದವನೇ, ಅಡ್ಡ ಬಂದ ಮೇಸ್ತ್ರಿಯ ಅಂಗಿ ಹಿಡಿದು ಮುಖಕ್ಕೆ ಗುದ್ದಿದ. ಮೇಸ್ತ್ರಿ ಗಾರೆಯ ಬಾಣಲೆಯ ಮೇಲೆ ಬಿದ್ದ. ತುಟಿ ಒಡೆದು ಗಾರೆಗೆ ರಕ್ತ ತೊಟ್ಟಿಕ್ಕಿತು. ತಮ್ಮ ಮತ್ತೆ ಕೈ ಎತ್ತಿದಾಗ ನಾನು ಮಟ್ಟ ನೋಡುವ ಅಲ್ಯುಮಿನಿಯಂ ಪಟ್ಟಿ ಎತ್ತಿ ಅವನ ಮೊಣಕೈಗೆ ಬಾರಿಸಿದೆ. ಪಟ್ಟಿ ಬಗ್ಗಿತು. ಅವನು ಕೈ ಹಿಡಿದುಕೊಂಡು ಕೂತ. “ಹೆಂಗಸಿನ ಕೈಲಿ ಏಟು ತಿಂದ್ಯಾ, ಇನ್ನೂ ಬೇಕಾ?” ಎಂದು ಕಿರುಚಿದೆ. ಅವನು ಉಗಿದು ಹೊರಟುಹೋದ.

ಅಕ್ಕ ಮೇಸ್ತ್ರಿಯ ತುಟಿಗೆ ಅರಿಶಿನ ಒತ್ತುತ್ತ ನನಗೆ ಹೇಳಿದರು, “ಅದ ಮುಚ್ಬುಡಮ್ಮ. ಸಿಮೆಂಟು ಬಳ್ದು ಒಂದು ಮಾಡ್ಬುಡು. ನಂಗೂ ನೋಡಕ್ಕಾಗ್ತಿಲ್ಲ.”

ಮುಚ್ಚಿದರೆ ಏನಾಗುತ್ತದೆ ಎಂದು ಬಾಯಲ್ಲಿ ಹೇಳಿದರೆ ಸಾಲದು ಎನಿಸಿತು. ಸಂದಿನಲ್ಲಿ ಎರಡು ಕಟ್ಟೆಗೂ ತಾಗುವಂತೆ ಇಟ್ಟಿಗೆ ಬಿಗಿದು, ಅವರ ಕಟ್ಟೆಯ ಕಾಂಕ್ರೀಟಿನ ಮೇಲೆ ಲೋಟ ಮಗುಚಿ, ಅವರ ಅಂಗೈಯನ್ನು ಅದರ ಪಕ್ಕದಲ್ಲಿಡಿಸಿದೆ. ಕೊರಡಿನ ಮೇಲೆ ಮಚ್ಚು ಬೀಸಿದೆ. ಲೋಟ ಸದ್ದು ಮಾಡಿತು. “ಕೈಗೆ ಬಂತು,” ಎಂದರು. ಇಟ್ಟಿಗೆ ಕಿತ್ತು ಮತ್ತೆ ಬೀಸಿದೆ, ಇನ್ನೂ ಜೋರಾಗಿ. ಲೋಟ ಸುಮ್ಮನಿತ್ತು. ಅವರು ಅಂಗೈ ತಿರುಗಿಸಿ ನೋಡಿಕೊಂಡರು.

ರಬ್ಬರ್ ಪಟ್ಟಿ ತುಂಬಿ ಮೇಲೆ ತಗಡು ಹೊಡೆದರೆ ನೋಡುವವರಿಗೆ ಒಂದೇ ಕಟ್ಟೆ, ಪೆಟ್ಟೂ ಅಷ್ಟಾಗಿ ದಾಟುವುದಿಲ್ಲ ಎಂದ ಮೇಸ್ತ್ರಿ, ಊದಿದ ತುಟಿಯಲ್ಲೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ದಾರಿ ಅದು. ನಾನು ಒಪ್ಪುವವಳಿದ್ದೆ.

“ಬ್ಯಾಡ,” ಎಂದರು ಅಕ್ಕ. “ಮುಚ್ಚೂ ಬ್ಯಾಡ, ಮರೆನೂ ಮಾಡ್ಬ್ಯಾಡ. ಅವನ ಏಟು ಅವನ ಕಡೇನೇ ಇರ್ಲಿ. ಜನ ಕೇಳಿದ್ರೆ ಅಂಗೇ ಏಳ್ತೀನಿ.” ಆ ಕೆಲಸದಲ್ಲಿ ಕೊನೆಯ ತೀರ್ಮಾನ ತೆಗೆದುಕೊಂಡವರು ಅವರು, ನಾನಲ್ಲ. ಕರಿಕಲ್ಲನ್ನು ಅದರಂತೆಯೇ ಕೂರಿಸಿದೆವು. ಗಾರೆ ತುಂಬಿದ ಮೇಲೆ ಮೇಸ್ತ್ರಿ ಕಲ್ಲಿನ ಉದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟಿ ಟೊಳ್ಳು ಸದ್ದು ಎಲ್ಲಾದರೂ ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳಿದ. ಒಂದು ಕಡೆ ಬಂತು. ಹಲಗೆ ಎಬ್ಬಿಸಿ ಮತ್ತೆ ತುಂಬಿದೆವು. ಗಾರೆ ಗಟ್ಟಿಯಾಗಲೆಂದು ಒದ್ದೆ ಗೋಣಿ ಹೊದಿಸಿ ಕ್ಯೂರಿಂಗಿಗೆ ಬಿಟ್ಟೆವು.

ಹೋಟೆಲು ಮತ್ತೆ ತೆರೆಯುವ ದಿನ ಬೆಳಿಗ್ಗೆ ನಾನು ಕೊನೆಯ ಸಲ ಮಟ್ಟ ನೋಡಲು ಹೋಗಿದ್ದೆ. ಅಕ್ಕ ಕಟ್ಟೆಗೆ ಕುಂಕುಮ ಹಚ್ಚಿ, ಒಲೆ ಹಚ್ಚಿ, ಎಸರಿಟ್ಟಿದ್ದರು. ಮೇಸ್ತ್ರಿ ಹಿತ್ತಲಲ್ಲಿ ಸಾಮಾನು ಕಟ್ಟುತ್ತಿದ್ದ. ತಮ್ಮ ಒಳಗೆ ಬಂದಾಗ ಅವನ ಕೈಯಲ್ಲಿ ಮೇಸ್ತ್ರಿಯ ಸಮ್ಮಟಿ ಇತ್ತು.

“ನಿಂತ್ರೆ ತಾನೆ ಒಲೆ ನಿಂದು? ನೋಡೇಬುಡಾನ.”

ಅವನು ಕುಡಿದಿರಲಿಲ್ಲ. ಅದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಕೇಳಿದವರೆಲ್ಲ ಮೊದಲು ಕೇಳುವುದು ಅದನ್ನೇ. ಸಮ್ಮಟಿ ಎತ್ತಿ ಕಟ್ಟೆಯ ನಡುವಿಗೆ ಬಿಟ್ಟ. ಕಿಡಿ ಹಾರಿತು. ಕಲ್ಲಿನ ಮೇಲೆ ಬಿಳಿ ಗಾಯವಾಯಿತು, ಕಲ್ಲು ಸೀಳಲಿಲ್ಲ. ಇನ್ನೊಂದು ಬಿಟ್ಟ. ಸಮ್ಮಟಿ ಪುಟಿದು ಅವನ ಕೈಯನ್ನೇ ಜಗ್ಗಿತು. ನಾನು ಅವನ ಬೆನ್ನಿನ ಅಂಗಿ ಹಿಡಿದು ಎಳೆದೆ, ಅವನು ಮೊಣಕೈಯಿಂದ ನನ್ನ ಎದೆಗೆ ತಿವಿದ, ನಾನು ಗೋಡೆಗೆ ಹೋಗಿ ಬಡಿದೆ. ಮೇಸ್ತ್ರಿಯನ್ನು ಕೂಗಲು ಉಸಿರೇ ಬರಲಿಲ್ಲ.

ಅಕ್ಕ ಒಲೆ ಬಿಟ್ಟು ಬಂದು ಬಲಗೈಯನ್ನು ಕಲ್ಲಿನ ಮೇಲೆ ಹರವಿ ಇಟ್ಟರು. “ಎರಡು ಏಟು ತಡೀತಲ್ಲ, ಸಾಲ್ದಾ? ಇನ್ನು ಹೊಡೆಯಂಗಿದ್ರೆ ನನ್ ಕೈ ಮೇಲೆ ಹೊಡಿ.”

ಹೊಡೆದ.

ಕೈ ಕಾಣಲಿಲ್ಲ ಎಂದು ಆಮೇಲೆ ಅವನು ಎಲ್ಲರಿಗೂ ಹೇಳಿದ. ನಾನು ಗೋಡೆಗೆ ಒರಗಿ ನೋಡುತ್ತಲೇ ಇದ್ದೆ. ಕಂಡಿತ್ತು. ಎತ್ತಿದ ಸಮ್ಮಟಿಯನ್ನು ಮೇಲೆಯೇ ಒಂದು ಕ್ಷಣ ನಿಲ್ಲಿಸಿ, ಅಕ್ಕನ ಮುಖ ನೋಡಿ, ಕೈ ನೋಡಿ, ಆಮೇಲೆ ಬಿಟ್ಟ. ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಅಕ್ಕ ಕಿರುಚಲಿಲ್ಲ. ಕೈ ಕಲ್ಲಿನ ಮೇಲೆಯೇ ಇತ್ತು, ಬೆರಳುಗಳು ಇರಬಾರದ ದಿಕ್ಕಿನಲ್ಲಿದ್ದವು. ಸಮ್ಮಟಿ ನೆಲಕ್ಕೆ ಬಿತ್ತು. ಸದ್ದು ಕೇಳಿ ಓಡಿಬಂದ ಮೇಸ್ತ್ರಿ ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿದ್ದ. ಅವನು “ಅಕ್ಕಾ, ಅಕ್ಕಾ” ಎನ್ನುತ್ತ ಅವರ ಕಾಲ ಬಳಿ ಕೂತುಬಿಟ್ಟ. ಎಸರು ಕುದಿದು ಉಕ್ಕುತ್ತಿತ್ತು. ಅಕ್ಕ ಎಡಗೈಯಿಂದ ಒಲೆ ಆರಿಸಿದರು.

ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅವನು ಮುಂದೆ ಕೂತಿದ್ದ, ನಾವಿಬ್ಬರು ಹಿಂದೆ. ಒದ್ದೆ ಟವೆಲ್ಲಿನಲ್ಲಿ ಸುತ್ತಿದ ಕೈಯನ್ನು ನಾನು ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅವನನ್ನು ಆಟೋದಿಂದ ತಳ್ಳಿಬಿಡಬೇಕು ಎನ್ನಿಸುತ್ತಿತ್ತು, ನಿಜವಾಗಿಯೂ. ಬೋಗಾದಿ ರಸ್ತೆಯ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಹಿಂದೆ ತಿರುಗಿ ಮೆಲ್ಲಗೆ ಹೇಳಿದ, “ಮೇಡಂ, ಕಲ್ಲು ಕೂರಿಸ್ವಾಗ ಜಾರಿ ಬಿತ್ತು ಅಂತ ಏಳಿಬುಡಿ. ಕೇಸಾಗ್ಬುಡತ್ತೆ. ನಿಮಗೇನೂ ತೊಂದ್ರೆ ಆಗ್ದಂಗೆ ನಾನು ನೋಡ್ಕತೀನಿ.” ನನ್ನ ಬಾಯಲ್ಲಿ ಬಂದ ಮಾತನ್ನು ಅಚ್ಚು ಹಾಕಲಾಗುವುದಿಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದರು, ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

ತುರ್ತು ಚಿಕಿತ್ಸೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಎಕ್ಸ್‌ರೇ ಹಿಡಿದು, “ಏನಾಯ್ತಮ್ಮ?” ಎಂದರು. ತಮ್ಮ ಮುಂದೆ ಬಂದ. “ಕಲ್ಲು ಬಿತ್ತು ಡಾಕ್ಟ್ರೇ, ಅಡುಗೆಮನೇಲಿ ಗ್ರಾನೈಟ್ ಕೆಲ್ಸ ನಡೀತಿತ್ತು, ಜಾರಿ...”

“ಕಲ್ಲು ಬಿದ್ದಿಲ್ಲ,” ಎಂದರು ಅಕ್ಕ. ಕೂತಲ್ಲಿಂದಲೇ, ಗಿರಾಕಿಗೆ ಸಾರು ಖಾಲಿ ಎಂದು ಹೇಳುವ ದನಿಯಲ್ಲಿ. “ಆ ಕಲ್ಲು ಬೀಳೋ ಕಲ್ಲಲ್ಲ. ಈಯಮ್ಮ ಗಟ್ಟಿ ಕೂರ್ಸವ್ರೆ. ಸಮ್ಮಟಿ ಬಿತ್ತು. ಹೊಡೆದೋನು ಇವನು, ನನ್ ತಮ್ಮ.”

“ಅಕ್ಕ!”

“ಸುಮ್ನಿರ್ಲಾ. ಗಂಡನ ಮನೇಲಿ ಪ್ರತಿ ಸಲಾನೂ ಜಾರಿ ಬಿದ್ದೆ ಅಂದಿದ್ದೆ ಡಾಕ್ಟ್ರಮ್ಮ. ಬಚ್ಚಲಲ್ಲಿ ಜಾರ್ದೆ, ಕೊಟ್ಟಿಗೇಲಿ ಜಾರ್ದೆ, ಮೆಟ್ಲಲ್ಲಿ ಜಾರ್ದೆ. ಇನ್ನು ಜಾರಕ್ಕಿಲ್ಲ.”

ಡಾಕ್ಟರು ಅವರನ್ನೂ ಅವನನ್ನೂ ನೋಡಿದರು. “ಹೀಗಂದ್ರೆ ನಾನು ಪೊಲೀಸರಿಗೆ ತಿಳಿಸಬೇಕಾಗತ್ತೆ. ತಿಳಿಸಲಾ?”

“ತಿಳಿಸ್ರಿ.”

ಪೊಲೀಸರು ಬಂದರು. ಮೇಸ್ತ್ರಿಯೂ ನಾನೂ ಕಂಡದ್ದನ್ನು ಹೇಳಿದೆವು. ತಮ್ಮ ಠಾಣೆಯಲ್ಲಿ ಕೂತು ಜಾಮೀನಿನ ಮೇಲೆ ಹೊರಗೆ ಬಂದ, ಕೋರ್ಟಿಗೆ ಅಲೆಯುವುದು ಇನ್ನೂ ಮುಗಿದಿಲ್ಲ. ನೆಂಟರೆಲ್ಲ ಸೇರಿ ಅಕ್ಕನ ಮೇಲೆ ಬಿದ್ದರು, ಒಡಹುಟ್ಟಿದವನನ್ನು ಠಾಣೆ ಹತ್ತಿಸಿದಳು ಎಂದು. ಕಟ್ಟೆ ಎರಡಾದಾಗಲೇ ಗೊತ್ತಿತ್ತು ಎಂದೂ ಅಂದರು. ಆಸ್ಪತ್ರೆಯಲ್ಲಿ ಅಕ್ಕನ ಕೈಗೆ ತಂತಿ ಹಾಕಿ ಮೂಳೆ ಕೂಡಿಸಿದ್ದರು. ಮೂಳೆ ಕೂಡುತ್ತದೆ, ಆದರೆ ಹಿಡಿತ ಮೊದಲಿನಂತೆ ಬರುವುದಿಲ್ಲ, ಭಾರದ ಕೋಲು ಹಿಡಿಯುವುದು ಅನುಮಾನ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಅದನ್ನು ಕೇಳಿ ಅತ್ತದ್ದು ನಾನು. ಗಟ್ಟಿ ಕಲ್ಲು ಹುಡುಕಿಕೊಟ್ಟೆ ಎಂದು ಬೀಗಬೇಕಾದ ಹೊತ್ತಿನಲ್ಲಿ, ಆ ಕಲ್ಲು ಮೊದಲ ಏಟಿಗೇ ಸೀಳಿದ್ದರೆ ಚೆನ್ನಾಗಿತ್ತು ಎಂದು ಅತ್ತೆ. ಸೀಳಿದ್ದರೆ ಕೈ ಉಳಿಯುತ್ತಿತ್ತು, ಒಲೆ ಹೋಗುತ್ತಿತ್ತು. ಅಕ್ಕನಿಗೆ ಇದನ್ನು ಹೇಳಿದಾಗ ಅವರು, “ಕಟ್ಟೆ ನಿಂತೈತಲ್ಲ, ಒಲೆ ನಂದೇ. ಅವನೇ ತಿರುವ್ಲಿ,” ಎಂದು ನನ್ನನ್ನು ಗದರಿಸಿದರು.

ಕೊನೆಗೂ ಹೋಟೆಲು ತೆರೆದ ದಿನ ಊಟಕ್ಕೆ ಕರೆದಿದ್ದರು. ಹೋಗಬಾರದು ಎಂದುಕೊಂಡಿದ್ದವಳು ಹೋದೆ. ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಕೊರಡಿನ ಕಟ್ಟೆಯ ಹತ್ತಿರ ಮಾಂಸ ಕಡಿಯಲು ಯಾರೋ ಹೊಸಬರು ಇದ್ದರು. ಗಿಡ್ಡ ಕಟ್ಟೆಯ ಒರಟು ಕಲ್ಲಿನ ಮೇಲೆ ಹಬೆಯಾಡುವ ತಪ್ಪಲೆ. ಅದರ ಮುಂದೆ ತಮ್ಮ, ಬರಿ ಬನಿಯನ್ನಿನಲ್ಲಿ, ಕಾಲಿನಿಂದ ಕವೆಗೋಲು ಅದುಮಿ, ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವುತ್ತಿದ್ದ. ಮುಂಗೈ ತುಂಬ ಹಿಟ್ಟು ಸಿಡಿದ ಬೊಬ್ಬೆಗಳು. ಮೈಯಿಂದ ಬೆವರು ಇಳಿಯುತ್ತಿತ್ತು. ನನ್ನನ್ನು ನೋಡಿ ತಲೆ ತಗ್ಗಿಸಿದ. ನನಗೆ ಅವನ ಮೇಲೆ ಮರುಕ ಬರಲಿಲ್ಲ, ಇಂದಿಗೂ ಬಂದಿಲ್ಲ.

ಅಕ್ಕ ಕರಿಕಲ್ಲಿನ ಪಕ್ಕದಲ್ಲಿ ನಿಂತಿದ್ದರು. ಬಲಗೈ ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿ. ಎಡಗೈಯಿಂದ ತಪ್ಪಲೆಯೊಳಗಿನ ಹಿಟ್ಟನ್ನು ಚಿವುಟಿ, ಬೆರಳ ನಡುವೆ ಹೊಸಕಿ ನೋಡಿ, ಕಲ್ಲಿನ ಮೇಲೆ ಬಡಿದರು.

“ಗಂಟು,” ಎಂದರು. “ತಿರುವು.”

ಅವನು ತಿರುವಿದ.